ಚಿತ್ರಶೇಖರನಿಗೆ ಹೆಣ್ಣು

ಪಾಲಣ್ಣ: ನೋಡ್ರಿ ಅಣ್ಣ, ಪತ್ತೇದಾರ ಚಿತ್ರಶೇಖರ ಅಂತ ಯಾರೂ ಇಲ್ಲ. ಅದು ನಾನು ಕಟ್ಟಿದ ಕತೆ.

ಗೊಲ್ಲಪ್ಪ: ಅವನು ದೋಸೆ ತಿಂದ ಹಿರಿಯೂರಿನ ಹೋಟ್ಲು ಐತೆ, ನಾನೂ ತಿಂದೀನಿ. ಅವನು ಹತ್ತಿದ ಬಸ್ಸೈತೆ. ದುರ್ಗದ ಕೋಟೆ ಐತೆ. ಹುಡುಗ ಒಬ್ನೇ ಸುಳ್ಳಾ?

ಯಲ್ಲದಕೆರೆಯ ಕುರಿಗಾರ ಗೊಲ್ಲಪ್ಪ ಬೆಳಗಿನ ಬಸ್ಸಿಗೇ ಶ್ರೀರಾಂಪುರಕ್ಕೆ ಬಂದು, ಕಾದಂಬರಿಕಾರ ಪಾಲಣ್ಣನ ಜಗಲಿ ಹಿಡಿದು ಕೂತಿದ್ದ. ಮಗಳು ಓಬವ್ವ ಪಾಲಣ್ಣನ ಕಾದಂಬರಿಗಳನ್ನು ಓದಿ ಹೇಳಿದ್ದನ್ನೆಲ್ಲ ಕೇಳಿ, ಅಳಿಯನಾದರೆ ಈ ಚಿತ್ರಶೇಖರನೇ ಆಗಬೇಕೆಂದು ತೀರ್ಮಾನಿಸಿಬಿಟ್ಟಿದ್ದ. ಬರೆದವನು ನಮ್ಮ ಜನ ಅಂದಮೇಲೆ ಪತ್ತೇದಾರನೂ ನಮ್ಮವನೇ ಎಂಬುದು ಅವನ ಲೆಕ್ಕ. ಪಾಲಣ್ಣನ ಹೆಂಡತಿ ನಾಗಕ್ಕ ಕಾಫಿ ತಂದಿಟ್ಟು, ತಮಾಷೆ ಬಿಟ್ಟು ಒಳಗೆ ಹೋಗಲು ಮನಸ್ಸಾಗದೆ ಕಂಬಕ್ಕೊರಗಿ ನಿಂತಳು.

ಕತೆ ಎಂದರೇನೆಂದು ಪಾಲಣ್ಣ ಮತ್ತೆ ಮೊದಲಿನಿಂದ ವಿವರಿಸಿದ. ಗೊಲ್ಲಪ್ಪ ತಾಳ್ಮೆಯಿಂದ ಕೇಳಿ, ನಿಮ್ಮ ನೆಂಟರಲ್ಲೇ ಅವನಿಗೆ ಯಾವುದೋ ಹೆಣ್ಣಿರಬೇಕು, ಅದಕ್ಕೇ ಹುಡುಗನನ್ನು ಬಚ್ಚಿಡುತ್ತಿದ್ದೀಯ ಎಂದ. ಸರಿ, ಹುಡುಗನನ್ನೇ ಹೀಗಳೆದು ನೋಡೋಣ ಎಂದುಕೊಂಡ ಪಾಲಣ್ಣ.

ಪಾಲಣ್ಣ: ಅವನಿಗೆ ಕೆಲಸ ಇಲ್ಲ ಕಣಣ್ಣ. ಬಿಸಿಲೇರಿದ ಮ್ಯಾಲೆ ಏಳ್ತಾನೆ. ಬೆಲ್ ಬಾಟಮ್ ಹಾಕ್ಕಂಡು ಪಿಟೀಲು ನುಡಿಸ್ತಾನೆ, ಗುಲಾಬಿಗೆ ನೀರು ಹಾಕ್ತಾನೆ.

ನಾಗಕ್ಕ: ಪಾತ್ರೆ ತೊಳೆಯೋರು ಯಾರು?

ಪಾಲಣ್ಣ: ಅದನ್ನ ಬರ್ದಿಲ್ಲ.

ಗೊಲ್ಲಪ್ಪ: ಏಳು ಭಾಷೆ ಮಾತಾಡ್ತಾನೆ, ಕುಸ್ತಿ ಹಿಡೀತಾನೆ, ಮೂಸಿ ನೋಡೇ ವಿಷದ ಹೆಸರು ಹೇಳ್ತಾನೆ. ಅದೆಲ್ಲ ಹಂಗಿರ್ಲಿ. ಕಳ್ಳ ಕೈಗೆ ಸಿಕ್ಕಾಗ್ಲೂ 'ಕುಂತ್ಕಳ್ರಿ, ಕಾಫಿ ಕುಡೀರಿ' ಅಂತಾನೆ. ಕಳ್ಳನ್ನೇ ಬಯ್ಯದೋನು ನನ್ನ ಮಗಳನ್ನ ಬಯ್ತಾನಾ? ತಾಯಿಲ್ಲದ ಕೂಸು ಪಾಲಣ್ಣ. ನಂಗೆ ಬೇಕಿರೋದು ಅಷ್ಟೇ.

ಪಾಲಣ್ಣನಿಗೆ ಪಾಪ ಅನ್ನಿಸಿತು. ಆದರೆ ಪತ್ತೇದಾರನಿಗೆ ಮದುವೆಯಾದರೆ ಮುಂದಿನ ಕಾದಂಬರಿಯ ಗತಿಯೇನು? ಹೆಂಡತಿಯುಳ್ಳವನು ಹೇಳದೆ ಕೇಳದೆ ಕಳ್ಳರ ಹಿಂದೆ ಹೊರಡಲಾದೀತೆ? ಆಗದೆಂದು ಅವನ ಸ್ವಂತ ಅನುಭವ ಹೇಳಿತು. ಅಷ್ಟರಲ್ಲಿ ಒಂದು ಉಪಾಯ ಹೊಳೆಯಿತು.

ಪಾಲಣ್ಣ: ಅದಿರ್ಲಿ, ನಿಮ್ಮದು ಯಾವ ಕುಲ, ಯಾವ ಬೆಡಗು?

ಗೊಲ್ಲಪ್ಪ ಹೇಳಿದ.

ಪಾಲಣ್ಣ: ಅಯ್ಯೋ, ಅವನದೂ ಅದೇ ಕಣಣ್ಣ. ಒಂದೇ ಬೆಡಗಿನೋರು ಅಣ್ಣತಮ್ಮಂದಿರು. ಹೆಣ್ಣು ಹೆಂಗೆ ಕೊಡ್ತೀರಿ?

ಗೊಲ್ಲಪ್ಪನ ಮುಖ ಬಾಡಿತು. ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಜಗಲಿ ಇಳಿದ. ಪಾಲಣ್ಣ ನಿಟ್ಟುಸಿರು ಬಿಡುವಷ್ಟರಲ್ಲಿ ತಿರುಗಿ ಬಂದು, ಮೊದಲಿಗಿಂತ ಭದ್ರವಾಗಿ ಕೂತ.

ಗೊಲ್ಲಪ್ಪ: ಹಂಗಾದ್ರೆ ಅವನು ನಂಗೆ ತಮ್ಮ ಆಗ್ಬೇಕು. ನಮ್ಮ ಮನೆ ಹುಡುಗ ಬಿಸಿಲೇರೋವರ್ಗೂ ಬಿದ್ಕಂಡಿರ್ತಾನೆ ಅಂದ್ರೆ ಸುಮ್ನಿರಕ್ಕಾಗಲ್ಲ. ಕರಿ ಅವನನ್ನ. ಇವತ್ತೇ ಕರ್ಕಂಡೋಗಿ ಕುರಿ ಹಿಂದೆ ಬಿಡ್ತೀನಿ.

ಪಾಲಣ್ಣ ಸಹಾಯಕ್ಕೆ ಹೆಂಡತಿಯ ಕಡೆ ತಿರುಗಿದ.

ನಾಗಕ್ಕ: ಅವನು ಸಿಗಲ್ಲ ಬಿಡ್ರಿ ಅಣ್ಣ. ಬರೆದೋರೂ ಏಳೋದು ಬಿಸಿಲೇರಿದ ಮ್ಯಾಲೇನೇ, ಇವರನ್ನೇ ಕರ್ಕಂಡೋಗ್ರಿ.