ಹನ್ನೊಂದನೆಯ ಆಜ್ಞೆ

ದೇವರು ಕೊಟ್ಟ ಆಜ್ಞೆಗಳು ಹತ್ತು. ಪಿಟ್ಸ್‌ಬರ್ಗಿನ ನಮ್ಮ ಗುಡ್ಡದ ಬೀದಿಯವರು ಹನ್ನೊಂದನೆಯದನ್ನು ತಾವೇ ಸೇರಿಸಿಕೊಂಡಿದ್ದಾರೆ: ಹಿಮ ಬಾಚಿ ಕಾರಿಗೆ ಜಾಗ ಮಾಡಿಕೊಂಡವನು ಅಲ್ಲೊಂದು ಕುರ್ಚಿ ಇಟ್ಟು ಹೋದರೆ, ಅದನ್ನು ಯಾರೂ ಮುಟ್ಟಬಾರದು. ಮೊದಲ ಹತ್ತನ್ನು ಮುರಿದವರು ಪಾದ್ರಿಯ ಕಿವಿಯಲ್ಲಿ ಹೇಳಿಕೊಂಡು ಹಗುರಾಗುತ್ತಾರೆ. ಹನ್ನೊಂದನೆಯದಕ್ಕೆ ಕ್ಷಮೆಯಿಲ್ಲ.

ಆ ಶನಿವಾರ ವಾಸಿಲ್ ಹ್ರಿಂದಾ ಬೆಳಗಾಗುತ್ತಲೇ ಕಾರಿನ ಸುತ್ತ ಎರಡು ತಾಸು ಹಿಮ ಬಾಚಿ, ಸೊಂಟ ಹಿಡಿದುಕೊಂಡು ಒಳಗೆ ಬಂದರೆ ಹೆಂಡತಿ ಓಲೆನಾ ಕೋಟು ತೊಟ್ಟು ನಿಂತಿದ್ದಳು.

"ಹೊರಡಿ, ಮ್ಯೂಸಿಯಮ್ಮಿಗೆ. ಫೆಡಾಕ್ ಮಾಡಿದ್ದನ್ನೆಲ್ಲ ಒಂದೇ ಕಡೆ ಇಟ್ಟಿದಾರಂತೆ. ಇವತ್ತು ಚರ್ಚಿನೋರೆಲ್ಲ ಹೋಗ್ತಿದಾರೆ. ಫಾದರ್ ಮೈರೊನ್ ನಮ್ಮ ಕಾರಲ್ಲೇ ಬರ್ತಾರೆ."

ಯುರ್ಕೊ ಫೆಡಾಕ್ ನಮ್ಮ ಬೀದಿಯಲ್ಲೇ ಹುಟ್ಟಿ, ಸಾಸಿವೆ ಸೀಸೆಗಳನ್ನೂ ಬಸ್ ಟಿಕೆಟ್ಟುಗಳನ್ನೂ ಬಾಗಿಲಗಲದ ಚಿತ್ರವಾಗಿ ಬರೆದು, ಜಗತ್ಪ್ರಸಿದ್ಧನಾಗಿ ಸತ್ತವನು.

"ಸಾಸಿವೆ ಸೀಸೆ ನೋಡೋಕೆ ಅಷ್ಟು ದೂರ ಯಾಕೆ? ಫ್ರಿಜ್ಜಲ್ಲೇ ಇದೆ," ಎಂದ ವಾಸಿಲ್. "ಈಗ ತಾನೇ ಜಾಗ ಮಾಡಿದೀನಿ ಕಣೇ."

"ಕುರ್ಚಿ ಇಟ್ಟು ಬನ್ನಿ."

"ಎದುರುಮನೆ ಕೊಬಾಲರ ಮುಂದೆ ಕುರ್ಚಿ ಇಡೋದೂ ಒಂದೇ, ಹಾಲು ಕಾಯೋಕೆ ಬೆಕ್ಕನ್ನ ಕೂರಿಸೋದೂ ಒಂದೇ."

ವಾಸಿಲನಿಗೆ ಎಂಟು ವರ್ಷವಿದ್ದಾಗ ಅವನ ಅಪ್ಪ ಬೀದಿಯಲ್ಲಿಟ್ಟ ಕುರ್ಚಿ ಮಾಯವಾಗಿತ್ತು. ಕೊಬಾಲರೇ ಕದ್ದರೆಂದು ಅಪ್ಪ ಸಾಯುವತನಕ ಬೈದ. ಆಮೇಲೆ ಆ ಕೆಲಸವನ್ನು ಮಗ ವಹಿಸಿಕೊಂಡ. ಒಟ್ಟು ಅರವತ್ತು ವರ್ಷ.

ಓಲೆನಾಳೆದುರು ಮಾತು ನಡೆಯಲಿಲ್ಲ. ಜಾಗದಲ್ಲಿ ಅಡುಗೆಮನೆಯ ಕುರ್ಚಿ ಇಟ್ಟು, ಅದರ ಮೇಲೆ ಶಿಲುಬೆ ಗುರುತು ಮಾಡಿ, ವಾಸಿಲ್ ಕಾರು ಹೊರಡಿಸಿದ.

ಮ್ಯೂಸಿಯಮ್ಮಿನ ಮೂರನೆಯ ಕೋಣೆಯಲ್ಲಿ ಗೇಣೆತ್ತರದ ಕಟ್ಟೆಯ ಮೇಲೆ, ದೀಪದ ಬೆಳಕಿನಲ್ಲಿ, ಗುಲಾಬಿ ಬಣ್ಣ ಬಳಿಸಿಕೊಂಡ ಹಳೇ ಕುರ್ಚಿಯೊಂದು ಮದುವಣಗಿತ್ತಿಯ ಹಾಗೆ ನಿಂತಿತ್ತು. ಪಕ್ಕದ ಫಲಕವನ್ನು ಯಾರೋ ಗಟ್ಟಿಯಾಗಿ ಓದಿದರು.

"'ಕುರ್ಚಿ. ಕಲಾವಿದನಿಗೆ ತನ್ನ ಬೀದಿಯಲ್ಲಿ ಸಿಕ್ಕಿದ್ದು.' ಸಿಕ್ಕಿದ್ದಂತೆ." ಓದಿದವನು ಮೆಟ್ರೊ ಕೊಬಾಲ್. "ವಾಸಿಲ್, ಇದು ನಿಮ್ಮಪ್ಪಂದಲ್ವೇನಯ್ಯಾ?"

"ಅಂಥ ಕುರ್ಚಿ ಊರಲ್ಲಿ ಸಾವಿರ ಇತ್ತು."

"ಅಡಿಹಲಗೆ ಮೇಲೆ ಮೊಳೆಯಲ್ಲಿ ನಿನ್ನ ಹೆಸರು ಕೆತ್ತಿ ನೀನು ಒದೆ ತಿಂದಿದ್ದು ಬೀದಿಗೆಲ್ಲ ಗೊತ್ತು. ಬಗ್ಗಿ ನೋಡು."

ಚರ್ಚಿನವರೆಲ್ಲ ಸುತ್ತ ನೆರೆದರು. "ನೋಡಪ್ಪಾ," ಎಂದರು ಫಾದರ್ ಮೈರೊನ್ ಮೆಲ್ಲಗೆ. "ಸತ್ಯ ನೋಡೋಕೆ ಬಗ್ಗೋದ್ರಲ್ಲಿ ಅವಮಾನ ಇಲ್ಲ."

ಬಗ್ಗಿದರೆ ಸಾಲಲಿಲ್ಲ. ಅಂಗಾತ ಮಲಗಿ ಕುರ್ಚಿಯಡಿ ತಲೆ ತೂರಿಸಬೇಕಾಯಿತು. ಕಾವಲಿನ ಹೆಂಗಸು ಓಡಿಬಂದಳು.

"ಸರ್, ಎದ್ದೇಳಿ."

"ಏಳೋಕಾಗಿದ್ರೆ ಇಲ್ಲಿ ಯಾಕಮ್ಮಾ ಇರ್ತಿದ್ದೆ," ಎಂದ ವಾಸಿಲ್. ಮಂಡಿ ತುಕ್ಕು ಹಿಡಿದ ಚಿಲಕದ ಹಾಗೆ ಕಚ್ಚಿಕೊಂಡಿತ್ತು. ಇದೂ ಕಲೆಯೇ ಇರಬೇಕೆಂದು ಇಬ್ಬರು ತಲೆದೂಗಿ ಫೋಟೋ ತೆಗೆದರು.

"ಹೆಸರು ಇದೆಯಾ?" ಎಂದ ಮೆಟ್ರೊ.

"ಇದೆ." ದನಿ ಬಾವಿಯೊಳಗಿಂದ ಬಂದಂತೆ ಬಂತು.

ಮೆಟ್ರೊನ ಕಣ್ಣು ಒದ್ದೆಯಾದವು. "ನಮ್ಮಮ್ಮ ಇದೇ ಕೊರಗಲ್ಲಿ ಹೋದ್ಲು, ಫಾದರ್."

ವಾಸಿಲ್ ಮಲಗಿದಲ್ಲಿಂದಲೇ, ಬಗ್ಗಿದ ಪಾದ್ರಿಯ ಕೊರಳಿಂದ ತೂಗುತ್ತಿದ್ದ ಶಿಲುಬೆ ಮುಟ್ಟಿ ಪ್ರಮಾಣ ಮಾಡಿದ: ಕೊಬಾಲರನ್ನು ಇನ್ನೆಂದೂ, ಏನೇ ಆದರೂ, ಕುರ್ಚಿಗಳ್ಳರೆಂದು ಕರೆಯುವುದಿಲ್ಲ. 'ಏನೇ ಆದರೂ' ಎಂಬುದನ್ನು ಮೆಟ್ರೊನೇ ಸೇರಿಸಿ ಹೇಳಿಸಿದ. ಆಮೇಲೆ ವಾಸಿಲನ ಕೆನ್ನೆಗೆ ಮುತ್ತಿಟ್ಟು, ಮನೆಯಲ್ಲಿ ಕೆಲಸವಿದೆಯೆಂದು ಬೇಗನೆ ಹೊರಟುಹೋದ. ಬಿದ್ದವನನ್ನು ಎಬ್ಬಿಸಿ ನಿಲ್ಲಿಸಲು ನಾಲ್ವರಿಗೆ ಅರ್ಧ ಗಂಟೆ ಹಿಡಿಯಿತು.

ಬೀದಿಗೆ ಮರಳಿದಾಗ ಬಾಚಿದ ಜಾಗದಲ್ಲಿ ಮೆಟ್ರೊನ ಹಸಿರು ಕಾರು ನಿಂತಿತ್ತು. ಎದುರುಮನೆಯ ಜಗಲಿಯಲ್ಲಿ ಮೆಟ್ರೊ, ವಾಸಿಲನ ಅಡುಗೆಮನೆಯ ಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ.

ವಾಸಿಲ್ ಕಾರಿನ ಗಾಜು ಇಳಿಸಿ ಬಾಯಿ ತೆರೆದ. ಹಿಂದಿನ ಸೀಟಿನಲ್ಲಿ ಫಾದರ್ ಮೈರೊನ್ ಸಣ್ಣಗೆ ಕೆಮ್ಮಿದರು. ತೆರೆದ ಬಾಯಿ ತೆರೆದೇ ಉಳಿಯಿತು.

"ಮುಚ್ಕೊ ವಾಸಿಲ್, ಶೀತ ಆಗತ್ತೆ," ಎಂದ ಮೆಟ್ರೊ. "ಶಿಕ್ಷೆಯಂತೂ ಅರವತ್ತು ವರ್ಷ ಅನುಭವಿಸಿ ಆಗಿತ್ತು. ಕದಿಯೋದೊಂದು ಬಾಕಿ ಇತ್ತು."