ಚುಕ್ಕಿ ಇಲ್ಲದ ತಾಲ್ಲೂಕು

ಭೂಮಿ ನಡುಗುವುದನ್ನು ಕಾಯುವುದು ನನ್ನ ನೌಕರಿ. ಹನ್ನೊಂದು ವರ್ಷದಿಂದ ಕಾಯುತ್ತಿದ್ದೇನೆ. ಆಗಬೇಕಾದ್ದು ಆಗಿಲ್ಲ, ಆಗಬಾರದ್ದು ಮಾತ್ರ ಆಗುತ್ತಲೇ ಇದೆ. ಮಾಸ್ತಿಕಟ್ಟೆ ಕಡೆ, ಅಣೆಕಟ್ಟಿಗೆ ತುಸು ದೂರದಲ್ಲಿ ನಮ್ಮ ಕೇಂದ್ರ. ಕೇಂದ್ರವೆಂದರೆ ಒಂದು ಕೋಣೆ, ನೆಲದೊಳಗೆ ಕಂಪನ ಹಿಡಿಯುವ ಯಂತ್ರ, ಮೇಜಿನ ಮೇಲೊಂದು ಪರದೆ, ಅದರಲ್ಲೊಂದು ನೆಟ್ಟಗಿನ ಗೆರೆ. ಆ ಗೆರೆ ನೋಡಲು ನಾನು. ಊರಿನವರಿಗೆ ನಾನು 'ಭೂಕಂಪದವರು'.

೧. ಮಂಜೂರಾತಿ

ಗೋಡೆಯ ಮೇಲೆ ಪ್ರಪಂಚದ ನಕ್ಷೆ ಇದೆ. ಭೂಕಂಪ ಹೆಚ್ಚಾಗಿ ಆಗುವಲ್ಲಿ ಕೆಂಪು ಚುಕ್ಕಿ. ಜಪಾನ್, ಇಂಡೋನೇಷ್ಯಾ, ಅಮೆರಿಕದ ಪಶ್ಚಿಮದ ಅಂಚು, ಹಿಮಾಲಯ, ಎಲ್ಲ ಕಡೆ ಚುಕ್ಕಿಗಳು ಸಾಲು ಹಿಡಿದಿವೆ. ನಮ್ಮ ಕಡೆ ಖಾಲಿ. ಒಂದು ದಿನ ನಮ್ಮ ಪಂಚಾಯಿತಿ ಸದಸ್ಯರೊಬ್ಬರು ಬಂದು ಅದರ ಮುಂದೆ ನಿಂತರು. ಅರ್ಜಿ ಬರೆಯುವುದರಲ್ಲಿ ಅವರದು ಎತ್ತಿದ ಕೈ.

"ನಮ್ಮ ಹೊಸನಗರ ತಾಲ್ಲೂಕಿಗೆ ಎಷ್ಟು ಕೊಟ್ಟಿದಾರ್ರೀ?"

"ಒಂದೂ ಇಲ್ಲ."

"ಸಾಗರಕ್ಕೆ?"

"ಇಲ್ಲ."

"ತೀರ್ಥಹಳ್ಳಿಗೆ?"

"ಅಲ್ಲಿಗೂ ಇಲ್ಲ."

ಅದನ್ನು ಕೇಳಿ ಅವರಿಗೆ ಸ್ವಲ್ಪ ಸಮಾಧಾನವಾಯಿತು. ನಾನು ಬಿಡಿಸಿ ಹೇಳಿದೆ. ಭೂಮಿಯ ಮೇಲ್ಪದರ ಒಂದೇ ತುಂಡಲ್ಲ, ದೊಡ್ಡ ದೊಡ್ಡ ಹಲಗೆಗಳಿವೆ, ಒಂದಕ್ಕೊಂದು ಒತ್ತುವ ಅಂಚಿನಲ್ಲೇ ಹೆಚ್ಚಾಗಿ ಬೆಟ್ಟ ಏಳುವುದು, ಬೆಂಕಿ ಉಗುಳುವುದು, ನೆಲ ನಡುಗುವುದು. ನಾವಿರುವುದು ಹಲಗೆಯ ನಡುವೆ.

"ಅಂದ್ರೆ ಅಂಚಲ್ಲಿರೋರೇ ಎಲ್ಲ ಬಾಚ್ಕೊಂಡ್ರು ಅನ್ನಿ! ಡ್ಯಾಮಿಗೆ ಜಾಗ ಬಿಟ್ಕೊಡಕ್ಕೆ ನಾವು, ಚುಕ್ಕಿ ಮಾತ್ರ ಜಪಾನಿಗೆ!"

ಮರುವಾರ ಅರ್ಜಿ ಬಂತು. 'ಎಲ್ಲ ವಿಷಯದಲ್ಲೂ ಹಿಂದುಳಿದ ನಮ್ಮ ತಾಲ್ಲೂಕಿಗೆ ಕನಿಷ್ಠ ಒಂದು ಚುಕ್ಕಿಯನ್ನಾದರೂ ಮಂಜೂರು ಮಾಡಬೇಕಾಗಿ ವಿನಂತಿ.'

೨. ಆಳ ಎಷ್ಟು?

ಹೋದ ವರ್ಷ ಹೆಡ್ ಆಫೀಸಿಗೆ ಹೊಸ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದಳು, ಬಹಳ ಚುರುಕು. ಫೋನು ಮಾಡಿ, "ಸರ್, ನಿಮ್ಮಲ್ಲಿ ದಿನಾ ಬೆಳಿಗ್ಗೆ ಆರೂವರೆಗೆ, ಸಂಜೆ ಆರಕ್ಕೆ ಕಂಪನ ಆಗ್ತಿದೆ. ಇಷ್ಟು ಕ್ರಮವಾಗಿ ಎಲ್ಲೂ ಆಗಲ್ಲ!" ಎಂದಳು.

ಸಂಜೆ ಆರಕ್ಕೆ ಕಾದು ನಿಂತೆ. ಪಕ್ಕದ ಮನೆಯ ಅಮ್ಮನ ಎಮ್ಮೆ ಹಾಲು ಕರೆಸಿಕೊಂಡು ಬಂದು, ನಮ್ಮ ಕೋಣೆಯ ಮೂಲೆಗೆ ಬೆನ್ನು ಕೊಟ್ಟು ಮನಸಾರೆ ತಿಕ್ಕಿಕೊಂಡಿತು. ಒಳಗೆ ಗೆರೆ ಕುಣಿಯಿತು.

ಆ ಅಮ್ಮ ನನ್ನ ಹತ್ತಿರವೂ ತಮ್ಮ ಮನೆಮಾತಿನಲ್ಲೇ ಮಾತಾಡುವವರು; ನಮ್ಮ 'ಇದೆ' ಅವರಿಗೆ 'ಇದ್ದು', ನಮ್ಮ 'ಇಲ್ಲ' ಅವರಿಗೆ 'ಇಲ್ಲೆ'. "ಎಂತ ಮಾಡದು ತಮಾ, ಅದ್ಕೆ ಬೇರೆ ಗೋಡೆ ಸರಿ ಬತ್ತಿಲ್ಲೆ," ಎಂದರು.

ವಿವರಣೆ ಬರೆದು ಕಳಿಸಿದೆ. ಫಾರಂ ವಾಪಸ್ಸು ಬಂತು. ಕಂಪನದ ಆಳದ ಕಾಲಂ ಖಾಲಿ ಬಿಟ್ಟಿದ್ದೀರಿ, ತುಂಬಿ ಕಳಿಸಿ ಎಂದು. 'ನೆಲದಿಂದ ನಾಲ್ಕಡಿ ಮೇಲೆ' ಎಂದು ತುಂಬಿದೆ. ಅದು ಅಂಗೀಕಾರವಾಯಿತು.

೩. ತಪಾಸಣೆ

ಆ ಎಮ್ಮೆಯಿಂದಲೇ ಮೇಲಿನವರ ಕಣ್ಣು ನಮ್ಮ ಕೇಂದ್ರದ ಮೇಲೆ ಬಿತ್ತು. ಎಮ್ಮೆ ಬಿಟ್ಟರೆ ಇಲ್ಲಿ ಏನೂ ನಡುಗುವುದಿಲ್ಲ, ಹಾಗಾದರೆ ಕೇಂದ್ರ ಯಾಕೆ? ಒಬ್ಬ ಅಧಿಕಾರಿ ಬಂದು ನೋಡಿ ವರದಿ ಕೊಡುತ್ತಾರೆಂದು ಪತ್ರ ಬಂತು. ಬಂದ್ ಆದರೆ ನನಗೆ ಬಯಲುಸೀಮೆಗೆ ವರ್ಗ. ನನ್ನ ಹೆಂಡತಿ ಇಲ್ಲೇ ಪಕ್ಕದ ಅಂಗನವಾಡಿಯ ಟೀಚರ್, ಅವಳು ಬರುವಂತಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ನನಗೆ ಹೆದರಿಕೆಯಾಯಿತು. ಒಂದು ಸಣ್ಣ ಕಂಪನ ಆಗಲಿ ದೇವರೇ ಎಂದು ಬೇಡಿಕೊಂಡೆ. ಸಂಬಳ ತೆಗೆದುಕೊಂಡು ಬೇಡುವಂಥದ್ದಲ್ಲ ಅದು.

ಅಧಿಕಾರಿ ಸಾಗರದಲ್ಲಿ ಉಳಿದುಕೊಂಡು ಬೆಳಿಗ್ಗೆ ಹತ್ತಕ್ಕೆ ಬಂದರು. ಮಾತು ಕಡಿಮೆ. ಪರದೆಯ ಮುಂದೆ ಕುಳಿತರು. ಗೆರೆ ನೆಟ್ಟಗಿತ್ತು. ಎಮ್ಮೆಯನ್ನೂ ಅವತ್ತು ದೂರ ಕಟ್ಟಿಸಿದ್ದೆ. ಅರ್ಧ ಗಂಟೆ ಕಳೆಯಿತು. ಅವರು ಪೆನ್ನು ತೆಗೆದದ್ದೇ ತಡ, ಗೆರೆ ದಡಕ್ಕನೆ ಎದ್ದಿತು. ಮತ್ತೊಮ್ಮೆ. ಮಗದೊಮ್ಮೆ.

ಅಧಿಕಾರಿ ಗಡಿಯಾರ ನೋಡಿದರು. "ಐದೈದು ಸೆಕೆಂಡಿಗೆ ಒಂದು. ಭೂಕಂಪ ಎಣಿಸ್ಕೊಂಡು ಬರುತ್ತೇನ್ರೀ?"

ಹೊರಗೆ ಹೋಗಿ ನೋಡಿದೆವು. ಕೋಣೆಯ ಹಿಂದೆ ಅಂಗನವಾಡಿಯ ಇಪ್ಪತ್ತು ಮಕ್ಕಳು ಸಾಲಾಗಿ ನಿಂತಿದ್ದರು. ನನ್ನ ಹೆಂಡತಿ "ಒಂದು, ಎರಡು, ಹಾರು!" ಎನ್ನುತ್ತಿದ್ದಳು. ತುದಿಯಲ್ಲಿ ಪಂಚಾಯಿತಿ ಸದಸ್ಯರು ಪಂಚೆ ಎತ್ತಿಕಟ್ಟಿ ತಾವೂ ಹಾರುತ್ತಿದ್ದರು. ಪಕ್ಕದ ಮನೆಯ ಅಮ್ಮ ಮಜ್ಜಿಗೆ ಹಿಡಿದು ನಿಂತಿದ್ದರು.

ನಾನು ಬಯಲುಸೀಮೆಗೆ ಹೊರಟೇ ಬಿಟ್ಟೆ ಅಂದುಕೊಂಡೆ.

"ಎಲ್ಲ ಕೂತ್ಕೊಳ್ಳಿ. ಯಾರೂ ಅಲ್ಲಾಡ್ಬಾರ್ದು," ಎಂದರು ಅಧಿಕಾರಿ. ಮಕ್ಕಳು ಬಾಯಿಯ ಮೇಲೆ ಬೆರಳಿಟ್ಟು ಕೂತವು. ಸದಸ್ಯರೂ ಹಾಗೇ ಬೆರಳಿಟ್ಟು ಕೂತರು. ನಾವು ಒಳಗೆ ಬಂದು ಕುಳಿತೆವು. ಆಗ ಆ ನೆಟ್ಟಗಿನ ಗೆರೆ ಮೆಲ್ಲಗೆ ಬಾಗಿತು, ಎದ್ದಿತು, ಇಳಿಯಿತು. ಅವಸರವೇ ಇಲ್ಲದ ದೊಡ್ಡ ದೊಡ್ಡ ಅಲೆಗಳು, ಒಂದರ ಹಿಂದೊಂದು. ಅಧಿಕಾರಿ ಕಿಟಕಿಗೆ ಬಗ್ಗಿ ನೋಡಿದರು. ಹೊರಗೆ ಒಂದು ಮಗುವೂ ಮಿಸುಕಿರಲಿಲ್ಲ.

ಅವರು ಎರಡು ಕಡೆ ಫೋನು ಮಾಡಿದರು. ಇಂಡೋನೇಷ್ಯಾದ ಆಚೆ ನಡುಸಮುದ್ರದಲ್ಲಿ ಭೂಕಂಪ ಆದದ್ದು, ಯಾರಿಗೂ ಏನೂ ಆಗಿಲ್ಲ.

"ಇಷ್ಟು ಚೊಕ್ಕವಾಗಿ ನಮ್ಮ ಬೇರೆ ಯಾವ ಕೇಂದ್ರದಲ್ಲೂ ಬಂದಿಲ್ಲ," ಎಂದರು. "ಇಲ್ಲಿ ಏನೂ ಆಗಲ್ಲ, ಅದಕ್ಕೇ ಬೇರೆ ಕಡೆ ಆದದ್ದೆಲ್ಲ ಕೇಳಿಸುತ್ತೆ. ಈ ಜಾಗ ಬಿಡೋ ಹಾಗಿಲ್ಲ." ಹಾಗೇ ವರದಿ ಬರೆದರು. ನನ್ನ ಕಣ್ಣು ತುಂಬಿ ಬಂತು. ಪರದೆ ಒರೆಸುವ ಬಟ್ಟೆಯಲ್ಲೇ ಒರೆಸಿಕೊಂಡೆ.

ಹೊರಡುವಾಗ ಅವರು ನೀಲಿ ಪೆನ್ನಿನಿಂದ ನಕ್ಷೆಯಲ್ಲಿ ನಮ್ಮ ಕೇಂದ್ರಕ್ಕೊಂದು ಚುಕ್ಕಿ ಇಟ್ಟರು. ಸದಸ್ಯರು ಅದನ್ನು ಮುಟ್ಟಿ ಮುಟ್ಟಿ ನೋಡಿದರು. "ಕೆಂಪಲ್ದಿದ್ರೂ ಅಡ್ಡಿಲ್ಲ. ಸಾಗರಕ್ಕಂತೂ ಕೊಟ್ಟಿಲ್ವಲ್ಲ," ಎಂದರು.

ಅಮ್ಮನೂ ನನ್ನ ಹೆಂಡತಿಯ ಜೊತೆ ಒಳಗೆ ಬಂದು ಪರದೆ ನೋಡಿದರು. ನಮ್ಮ ಮಕ್ಕಳು ಹಾರಿದ ಸಣ್ಣ ಗೆರೆಗಳನ್ನು ತೋರಿಸಿದೆ. ಆಮೇಲೆ ಆ ದೊಡ್ಡ ಅಲೆಗಳನ್ನೂ ತೋರಿಸಿ, ಇದು ಸಾವಿರಾರು ಕಿಲೋಮೀಟರ್ ಆಚೆಯಿಂದ ಬಂದದ್ದು ಎಂದೆ. ಅವರು ಬಹಳ ಹೊತ್ತು ಎರಡನ್ನೂ ಹೋಲಿಸಿ ನೋಡಿ, ನನ್ನ ಹೆಂಡತಿಯ ಬೆನ್ನು ಸವರಿದರು.

"ನೀ ಬೇಜಾರು ಮಾಡ್ಕಳಡ ತಂಗಿ. ಅಲ್ಲಿನ ಅಂಗನವಾಡಿಲಿ ಮಕ್ಕ ಜಾಸ್ತಿ ಇದ್ದು."