ಸೀಲು ಒಡೆಯದ ಏಳು ದಿನ

ಆ ವಾರ ಕತ್ತರಿ ಸಾಹೇಬರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೀರುವಿನಲ್ಲಿ, ಇಸ್ತ್ರಿ ಮಾಡಿದ ಅಂಗಿಗಳ ಹಿಂದೆ, ಒಂದು ಡಬ್ಬ ಕೂತಿತ್ತು. ಅದರೊಳಗೆ ಕೈಯಲ್ಲಿ ಹಿಡಿದು ಆಡುವ ಹೊಸ ಗೇಮ್ ಕನ್ಸೋಲ್. ಮಾರಾಟಕ್ಕೆ ಬಂದ ಮೊದಲ ದಿನವೇ ಸಾಲಿನಲ್ಲಿ ನಿಂತು ತಂದದ್ದು. ಬೆಲೆ ಕೇಳಬೇಡಿ, ಆ ದುಡ್ಡಿಗೆ ಒಂದು ಫ್ರಿಜ್ಜು ಬರುತ್ತಿತ್ತು.

"ಕತ್ತರಿ ಸಾಹೇಬರು" ಅನ್ನುವುದು ಊರು ಕೊಟ್ಟ ಬಿರುದು. ಸುಟ್ಟ ಟಿವಿ, ನೆನೆದ ಸೋಫಾಗಳಿಗೆ ವಿಮೆ ಕಂಪನಿ ಎಷ್ಟು ಪರಿಹಾರ ಕೊಡಬೇಕೆಂದು ನೋಡಿ ಬರೆಯುವುದು ಅವರ ಕೆಲಸ. ಯಾವ ಮೋಸವೂ ಅವರ ಕಣ್ಣು ತಪ್ಪಿಸಿದ್ದಿಲ್ಲ (ಹಾಗಂತ ಅವರೇ ಹೇಳುತ್ತಿದ್ದರು). "ವಸ್ತು ಅಂಗಡಿ ಹೊಸಿಲು ದಾಟಿತಾ? ಕಾಲು ಭಾಗ ಬೆಲೆ ಹೋಯ್ತು!" ಎಂಬುದು ಅವರ ಮಹಾಶಾಸನ. ಮನೆಯಲ್ಲೂ ಅದೇ ಕಾನೂನು. ಬೈಂಡಿಂಗ್ ಕೆಲಸ ಮಾಡುವ ಹೆಂಡತಿ ಪುಸ್ತಕ ಹೊಲಿಯಲು ಒಂದು ಮೆಷಿನ್ ಕೇಳಿದಾಗ, "ಮೂರು ತಿಂಗಳು ತಾಳು, ರೇಟು ಬಿದ್ದೇ ಬೀಳುತ್ತೆ" ಅಂದಿದ್ದರು. ಅದಾಗಿ ಮೂರು ವರ್ಷ. ಆಕೆ ಇನ್ನೂ ಸೂಜಿ ಹಿಡಿದು ಕೈಯಲ್ಲೇ ಹೊಲಿಯುತ್ತಿದ್ದಳು.

ಡಬ್ಬ ಕಂಡ ದಿನ ಆಕೆ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಏನ್ರೀ, ಎಲ್ಲಿ ಹೋಯ್ತು ನಿಮ್ಮ ಮೂರು ತಿಂಗಳು?"

"ಇನ್ನೂ ಕೊಂಡ ಹಾಗಲ್ಲ ಕಣೇ, ಪರಿಶೀಲನೆಯಲ್ಲಿದೆ. ಸೀಲು ಒಡೀದೆ ಏಳು ದಿನದೊಳಗೆ ವಾಪಸ್ ಕೊಟ್ರೆ ಪೂರ್ತಿ ದುಡ್ಡು ಬರುತ್ತೆ."

"ಒಡೀದೇ ಹೆಂಗೆ ಪರಿಶೀಲನೆ ಮಾಡ್ತೀರಿ?"

"ಬರೀ ಯೋಚನೆ ಮಾಡಿ ಕಣೇ!"

ಒಳಗಿನ ಕೋಣೆಯಿಂದ ಸಾಹೇಬರ ಅಮ್ಮ ಕೂಗಿದರು: "ಚಿಕ್ಕವನಿದ್ದಾಗ್ಲೂ ಹೀಗೇನೇ. ಬಲೂನ್ ತಂದುಕೊಟ್ರೆ, ಒಡೆದುಹೋಗುತ್ತೆ ಅಂತ ಊದ್ತಾನೇ ಇರ್ಲಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ ಸಾಹೇಬರ ಪ್ರದಕ್ಷಿಣೆ. ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬೀರುವಿನ ಹತ್ತಿರ ಹೋಗುವುದು, ಡಬ್ಬ ಎತ್ತುವುದು, ಅಲ್ಲಾಡಿಸುವುದು, ಮೂಸುವುದು, ಇಡುವುದು. ಆಫೀಸಿನಲ್ಲಿ ಫೈಲಿನ ಮರೆಯಲ್ಲಿ ಫೋನ್ ಹಿಡಿದು ಗೇಮ್ ಪಂಡಿತರ ವಿಡಿಯೋ ನೋಡುವುದು. ಒಬ್ಬ ಕಣ್ಣು ಮುಚ್ಚಿ ಕೊಳ್ಳಿ ಅಂದರೆ, ಇನ್ನೊಬ್ಬ ಈ ಬೆಲೆಗೆ ಕೊಳ್ಳುವವನಿಗೆ ತಲೆ ಕೆಟ್ಟಿದೆ ಅನ್ನುತ್ತಿದ್ದ. ಸಾಹೇಬರಿಗೆ ಇಬ್ಬರೂ ಸರಿ ಅನ್ನಿಸುತ್ತಿದ್ದರು. ಚಿಕ್ಕಂದಿನಲ್ಲಿ ಗೆಳೆಯರ ಬೆನ್ನ ಹಿಂದೆ ನಿಂತು ಆಟ ನೋಡಿದ್ದೇ ಬಂತು, ಒಬ್ಬನೂ ಒಂದು ಸಲ ಕೈಗೆ ಕೊಟ್ಟಿರಲಿಲ್ಲ. ಆಡಬೇಕು ಅಂತ ಜೀವ ಹಾತೊರೆಯುತ್ತಿತ್ತು, ಪಾಪ.

"ಬ್ಯಾಟರಿ ಮೂರೇ ಗಂಟೆ ಬರೋದಂತೆ," ಅಂದರು ಊಟಕ್ಕೆ ಕೂತಾಗ.

"ಇಲ್ಲಪ್ಪ, ನಾಲ್ಕು ಬರುತ್ತೆ," ಅಂದರು ಅಮ್ಮ.

"ನಿಂಗೆ ಹೆಂಗೆ ಗೊತ್ತು?"

ಹೆಂಡತಿಗೆ ಯಾಕೋ ಕೆಮ್ಮು ಬಂತು. "ಯಾರೋ ಅಂದ್ರಪ್ಪ. ನಾಳೆ ಆಫೀಸಿಂದ ಬರ್ತಾ ನೋವಿನ ಮುಲಾಮು ತಗೊಂಡ್ಬಾ, ಹೆಬ್ಬೆರಳು ಎರಡೂ ಹಿಡ್ಕೊಂಡಿವೆ," ಅಂದರು ಅಮ್ಮ. ಮೋಸ ಪತ್ತೆ ಮಾಡುವುದರಲ್ಲಿ ಎತ್ತಿದ ಕೈಯಾದ ಸಾಹೇಬರು ಮುಲಾಮು ತಂದುಕೊಟ್ಟರು.

ಏಳನೆಯ ದಿನ ಉಗುರು ಸೀಲಿನ ಮೇಲೆ ಹೋಯಿತು, ವಾಪಸ್ ಬಂತು. ಕಾಲು ಭಾಗ ಹೋಯ್ತು ಅಂತ ಅವರದೇ ದನಿ ಕಿವಿಯಲ್ಲಿ ಕೂಗಿದಂತಾಯಿತು. ಸಾಹೇಬರು ಡಬ್ಬ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು.

"ವಾಪಸ್ಸಾ?" ಹೆಂಡತಿ ಬಾಗಿಲಿಗೆ ಅಡ್ಡ ಬಂದಳು. "ಬೇಡ ರೀ, ಆಸೆಪಟ್ಟು ತಂದಿದ್ದೀರಿ, ಇಟ್ಕೊಳ್ಳಿ."

ಇಂಥ ಹೆಂಡತಿ ಯಾರಿಗೆ ಸಿಗುತ್ತಾಳೆ ಅಂತ ಸಾಹೇಬರ ಕಣ್ಣು ತುಂಬಿತು. ಆದರೂ ತತ್ವ ಅಂದರೆ ತತ್ವ.

ಅಂಗಡಿಯವನು ಸೀಲು ನೋಡಿದ, ತಲೆಯಾಡಿಸಿದ. ನಿಯಮದಂತೆ ಒಮ್ಮೆ ತೆರೆದು ನೋಡುತ್ತೇನೆಂದು ತೆರೆದ, ಸ್ವಿಚ್ ಒತ್ತಿದ. ಪರದೆಯ ಮೇಲೆ ಬಂತು: "ಮತ್ತೆ ಸ್ವಾಗತ, ಅಜ್ಜಿ!"

"ಸಾರ್, ಮೂವತ್ತೆಂಟು ಗಂಟೆ ಆಡಿದಾರೆ. ಮೊದಲ ಸ್ಥಾನ ಅಜ್ಜಿ, ಎರಡನೇದು ಸೊಸೆ."

"ಸೀಲು ನೆಟ್ಟಗಿತ್ತಲ್ರೀ!"

ಅವನು ಡಬ್ಬ ಬೋರಲು ಹಾಕಿದ. ತಳದ ಮಡಿಕೆಯನ್ನು ತೆಳು ಬ್ಲೇಡಿನಲ್ಲಿ ಎಬ್ಬಿಸಿ, ಮತ್ತೆ ಅಂಟು ಸವರಿ ಕೂರಿಸಿದ್ದರು. "ಎಂಥಾ ನಾಜೂಕು ಕೆಲಸ ಸಾರ್! ಬೈಂಡಿಂಗ್ ಬಲ್ಲವರದ್ದೇ ಇರಬೇಕು."

ಸಾಹೇಬರು ಆ ಮಡಿಕೆಯನ್ನು ಬೆರಳಿನಿಂದ ಸವರಿ ನೋಡಿದರು.

"ಹೋದ ವರ್ಷ ನಮ್ಮನೆ ಟಿವಿ ಸುಟ್ಟಾಗ ತಾವೇ ಬಂದಿದ್ರಲ್ಲ? ಹೊಸಿಲು ದಾಟಿದ್ರೆ ಕಾಲು ಭಾಗ ಹೋಯ್ತು ಅಂದ್ರಿ. ನಾನೂ ಮುಕ್ಕಾಲೇ ಕೊಡ್ತೀನಿ, ಆಗಬಹುದಾ?"

ಸಾಹೇಬರು ಡಬ್ಬ ಕಿತ್ತುಕೊಂಡು ಮನೆಗೆ ಬಂದರು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು.

"ಕೊಟ್ಟ ಕಾಸಿಗೆ ಮೋಸ ಇಲ್ಲ ಕಣೋ," ಅಂದರು ಅಮ್ಮ, ಬೈಗುಳ ಬೀಳುವ ಮೊದಲೇ ಕನ್ಸೋಲ್ ಕೈಗೆ ತಗೊಂಡು. "ನಾವು ಪರಿಶೀಲನೆ ಮಾಡಿದೀವಿ."

ಸಾಹೇಬರ ಸಿಟ್ಟು ಎಲ್ಲಿ ಹೋಯಿತೋ. "ಹಾಗಾದ್ರೆ ಕೊಡಮ್ಮ ಇಲ್ಲಿ, ನಾನೂ ಒಂದಾಟ ಆಡ್ತೀನಿ," ಅಂತ ಕೈ ಚಾಚಿದರು.

ಹೆಂಡತಿ ನಡುವೆ ಬಂದು ನಿಂತಳು. "ಮೂರು ತಿಂಗಳು ತಾಳಿ ರೀ. ನನ್ನ ಮೆಷಿನ್ ರೇಟು ಬೀಳ್ಲಿ."

ಸಾಹೇಬರು ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿಕೊಂಡರು. ಮೆಷಿನ್ ಅಂಗಡಿಯಲ್ಲಿ ರೇಟು ಕೇಳಲಿಲ್ಲ. "ಇವತ್ತೇ ಮನೆಗೆ ತಲುಪಿಸ್ತೀರಾ?" ಅಂತ ಮಾತ್ರ ಕೇಳಿದರು.